ಬೇಳೆ ಬೇಯದ ನೀರಿನಲ್ಲಿ ಈಜುಕೊಳ

ಹೊಸ ಈಜುಕೊಳಕ್ಕೆ ಬೋರ್‌ವೆಲ್ ನೀರು ತುಂಬಿಸಿದ ದಿನ ಯಾರದೂ ತಕರಾರಿಲ್ಲ. ತಳದ ಟೈಲ್ಸ್ ನಡುವಿನ ಗೆರೆ ಎಣಿಸಬಹುದಾದಷ್ಟು ತಿಳಿನೀರು. ಸಂಜೆ ಹೊತ್ತಿಗೆ ಯಾರೋ ಹೇಳಿದರೆಂದು ಬಕೆಟ್‌ನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ ಹುಯ್ದು, ಪಂಪು ಹಾಕಿ ಮಲಗುತ್ತಾರೆ. ಎರಡು ದಿನ ಕಳೆಯುವಷ್ಟರಲ್ಲಿ ತೋಟ ನೋಡಿಕೊಳ್ಳುವವನ ಫೋನು: ‘ನೀರು ಹಾಲಾಗ್ಬುಟ್ಟದೆ ಸಾ!’ ಕೆಟ್ಟಿರಬೇಕು ಅಂದುಕೊಂಡು ಇನ್ನೊಂದು ಬಕೆಟ್ ಬ್ಲೀಚಿಂಗ್ ಬೀಳುತ್ತದೆ. ಬಿಳುಪು ಇಳಿಯುವ ಬದಲು ಏರುತ್ತದೆ. ವಾರದ ಕೊನೆಗೆ ಮನೆಯ ಹಿರಿಯರ ತೀರ್ಮಾನ ಬರುತ್ತದೆ: ಎಲ್ಲ ಚೆಲ್ಲಿ ಹೊಸದಾಗಿ ತುಂಬಿಸಿಬಿಡಿ.

ಚೆಲ್ಲುವ ಮುಂಚೆ ಸ್ವಲ್ಪ ತಡೆಯಬೇಕು. ಆ ಬಿಳುಪು ಸುಣ್ಣ. ತುಂಬಿಸುವಾಗಲೇ ನೀರಿನಲ್ಲಿ ಕರಗಿಕೊಂಡು ಕಣ್ಣಿಗೆ ಬೀಳದೆ ಕೂತಿತ್ತು, ಈಗ ಹೊರಗೆ ಬಂದಿದೆ. ಇದನ್ನು ಚೆಲ್ಲಿ ಮತ್ತೆ ತುಂಬಿಸಿದರೆ ಅದೇ ಬೋರ್‌ವೆಲ್ ಅಷ್ಟೇ ಸುಣ್ಣವನ್ನು ಮತ್ತೆ ತಂದು ಕೊಡುತ್ತದೆ. ಹನೂರು, ರಾಮಾಪುರ, ಹೂಗ್ಯಂ ಸುತ್ತಿನ ಗಡಸು ನೀರಿನಲ್ಲಿ ಮನೆಗೊಂದು ಕೊಳ ಕಟ್ಟಿಕೊಳ್ಳುವವರು ಮೊದಲು ತಿಳಿಯಬೇಕಾದ ಸಂಗತಿ ಇದು. ಕ್ಲೋರಿನ್ನಿನ ಮಾತೆಲ್ಲ ಆಮೇಲೆ.

ಹೂಗ್ಯಂ ಹೆಸರು ನಾಡಿಗೆಲ್ಲ ಕೇಳಿಸಿದ್ದು 2025ರ ಜೂನ್‌ನಲ್ಲಿ, ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷದಿಂದ ಸತ್ತಾಗ. ಉಳಿದಂತೆ ಇದು ಕಾಡಂಚಿನ, ಮಳೆಯನ್ನೇ ನೆಚ್ಚಿದ ಸೀಮೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರುಗಳು ಇಲ್ಲಿ ಇವೆ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಸಾಧಾರಣ ಕೊಳಕ್ಕೆ 40,000 ಲೀಟರ್ ಬೇಕು. ಟ್ರ್ಯಾಕ್ಟರ್ ಟ್ಯಾಂಕರ್ ಲೆಕ್ಕದಲ್ಲಿ ಎಂಟು-ಹತ್ತು ಲೋಡು. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತ್ತು. ಹನೂರಿನಲ್ಲಿ ಅಂಥ ಆದೇಶ ಇರಲಿ ಬಿಡಲಿ, ಇಲ್ಲಿ ಕೊಳ ತುಂಬಿಸುವುದು ಒಂದೇ ಸಲ ಆಗಬೇಕು. ಚೆಲ್ಲಿ ತುಂಬಿಸುವುದು ಪರಿಹಾರವೆಂದು ಬರೆದಿರುವ ಪುಸ್ತಕಗಳು ಬೇರೆ ಸೀಮೆಯವು.

ನೀರಿಗೆ ಸುಣ್ಣ ಬಂದದ್ದು ಎಲ್ಲಿಂದ? ಈ ಭಾಗದ ತಳದಲ್ಲಿರುವುದು ನೈಸ್, ಚಾರ್ನೊಕೈಟ್‌ನಂಥ ಗಟ್ಟಿ ಬಂಡೆ. ಬಂಡೆಯೊಳಗೆ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಬೇರು ಮತ್ತು ಸೂಕ್ಷ್ಮಜೀವಿಗಳು ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ವರ್ಷಗಟ್ಟಲೆ ಬಂಡೆಯನ್ನೂ ಮಣ್ಣಿನಲ್ಲಿರುವ ಸುಣ್ಣದ ಹರಳುಗಳನ್ನೂ ತಿಂದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬೈಕಾರ್ಬನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಅಡುಗೆಮನೆಗೆ ಇದು ಹೊಸ ವಿಷಯವೇನಲ್ಲ. ಎಷ್ಟು ಕುದಿಸಿದರೂ ತೊಗರಿಬೇಳೆ ಕಾಳುಕಾಳಾಗಿಯೇ ಉಳಿಯುವುದು, ಸ್ನಾನದ ಹಂಡೆಯ ತಳದಲ್ಲಿ ಬಿಳಿ ಚಕ್ಕೆ ಕಟ್ಟುವುದು, ಸೋಪು ನೊರೆ ಬಿಡದಿರುವುದು ಎಲ್ಲದಕ್ಕೂ ಇದೇ ಕಾರಣ.

ಲೆಕ್ಕಕ್ಕೆ ಒಂದು ಮಾದರಿ ನೀರು ಹಿಡಿಯೋಣ. ಗಡಸುತನ ಲೀಟರಿಗೆ 500 ಮಿಲಿಗ್ರಾಂ, ಅದರಲ್ಲಿ ಕ್ಯಾಲ್ಸಿಯಂ ಪಾಲು 300. ಕ್ಷಾರತೆ, ಅಂದರೆ ಬೈಕಾರ್ಬನೇಟಿನ ಅಳತೆ, 320. ಪಿಎಚ್ 7.1. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ, ಕ್ಷಾರತೆ ಎರಡೂ 200ರೊಳಗೆ ಇರಬೇಕು. ಬೇರೆ ನೀರೇ ಇಲ್ಲದ ಕಡೆ 600ರವರೆಗೂ ನಡೆಯುತ್ತದೆ. ಹಾಗಾಗಿ ಈ ನೀರು ಕುಡಿಯಲು ಅನರ್ಹವೇನಲ್ಲ. ಗಂಟಲು ಒಪ್ಪುವ ನೀರನ್ನು ಕೊಳ ಒಪ್ಪುವುದಿಲ್ಲ, ಅಷ್ಟೇ. ಸುಣ್ಣದ ಕಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ 40,000 ಲೀಟರ್ ಇಂಥ ನೀರಿನಲ್ಲಿ ಇಪ್ಪತ್ತು ಕಿಲೋ ಗಡಸು ಕರಗಿ ಕೂತಿರುತ್ತದೆ.

ನೆಲದಾಳದಲ್ಲಿ ಇಷ್ಟೆಲ್ಲ ಕರಗಿದ್ದರೂ ನೀರು ತಿಳಿಯಾಗಿರುವುದು ಒತ್ತಿ ಹಿಡಿದಿಟ್ಟ ಕಾರ್ಬನ್ ಡೈಆಕ್ಸೈಡಿನ ದಯೆಯಿಂದ. ಮೋಟಾರು ಎತ್ತಿ ಸುರಿದ ನೀರು ಬಯಲಿಗೆ ಬಿದ್ದದ್ದೇ ತಡ, ಆ ಅನಿಲ ಬಿಟ್ಟುಹೋಗಲು ಶುರುವಾಗುತ್ತದೆ. ಗೋಲಿ ಸೋಡಾ ಒಡೆದಾಗ ಬುಸ್ಸೆಂದು ಹೋಗುವುದೂ ಇದೇ ಅನಿಲ. ಕೊಳದಲ್ಲಿ ಸದ್ದಿಲ್ಲದೆ ಎರಡು ಮೂರು ದಿನ ಹೋಗುತ್ತದೆ. ಅನಿಲ ಹೋದಷ್ಟೂ ಹುಳಿ ಕಡಿಮೆಯಾಗಿ ಪಿಎಚ್ 7.1ರಿಂದ 8.2ರ ಕಡೆಗೆ ಏರುತ್ತದೆ. ಕಾರ್ಬನೇಟ್ ಹೆಚ್ಚಾಗಿ ಕ್ಯಾಲ್ಸಿಯಮ್ಮನ್ನು ಹಿಡಿದು ಕಣಕಣವಾಗಿ ಹೊರಬೀಳುತ್ತದೆ. ಅದಕ್ಕೆ ಬ್ಲೀಚಿಂಗ್ ಪೌಡರ್ ಸೇರಿಸಿದವರು ಬೆಂಕಿಗೆ ತುಪ್ಪ ಹುಯ್ದರು: ಆ ಪುಡಿ ಸ್ವತಃ ಸುಣ್ಣದಿಂದಲೇ ತಯಾರಾದದ್ದು. ಕ್ಯಾಲ್ಸಿಯಮ್ಮನ್ನೂ ತರುತ್ತದೆ, ಪಿಎಚ್ಚನ್ನೂ ಏರಿಸುತ್ತದೆ.

ನೀರು ಸುಣ್ಣ ಉಗುಳುತ್ತದೋ ಅಥವಾ ಸುಣ್ಣಕ್ಕೆ ಹಸಿದು ಗೋಡೆಯನ್ನು ತಿನ್ನುತ್ತದೋ ಎಂದು ಲೆಕ್ಕ ಹಾಕುವ ಸೂತ್ರ ಕೊಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲ್ಫ್ರೆಡ್ ಲ್ಯಾಂಗ್ಲಿಯರ್, 1936ರಲ್ಲಿ. ಅವರಿಗೆ ಈಜುಕೊಳದ ಉಸಾಬರಿ ಇರಲಿಲ್ಲ. ನಗರದ ಕಬ್ಬಿಣದ ಕೊಳವೆಗಳ ಒಳಮೈಗೆ ತೆಳುವಾದ ಸುಣ್ಣದ ಪದರ ಕಟ್ಟಿಸಿ ತುಕ್ಕು ತಡೆಯುವ ಉಪಾಯ ಹುಡುಕುತ್ತಿದ್ದರು. ಪಿಎಚ್, ಉಷ್ಣಾಂಶ, ಕ್ಯಾಲ್ಸಿಯಂ, ಕ್ಷಾರತೆ, ಕರಗಿದ ಲವಣಗಳು ಈ ಐದನ್ನು ಹಾಕಿದರೆ ಒಂದು ಅಂಕಿ ಬರುತ್ತದೆ. ಸೊನ್ನೆಯ ಆಸುಪಾಸಿನಲ್ಲಿ, ಅತ್ತ ಇತ್ತ 0.3ರೊಳಗೆ ಇದ್ದರೆ ನೀರು ಸಮತೋಲದಲ್ಲಿದೆ. ಮೇಲಕ್ಕೆ ಹೋದರೆ ಸುಣ್ಣ ಕಟ್ಟುತ್ತದೆ, ಕೆಳಕ್ಕೆ ಇಳಿದರೆ ಸಿಮೆಂಟು ಸವೆಯುತ್ತದೆ.

ನಮ್ಮ ಮಾದರಿ ನೀರನ್ನು 30 ಡಿಗ್ರಿಯಲ್ಲಿಟ್ಟು ಲೆಕ್ಕ ಹಾಕಿದರೆ, ಪಿಎಚ್ 7.1 ಇದ್ದಾಗ ಅಂಕಿ ಸುಮಾರು 0.2. ತಕರಾರಿಲ್ಲ. ಪಿಎಚ್ 8.2ಕ್ಕೆ ಏರಿದಾಗ 1.3. ಹಾಲಾಗದೆ ಇನ್ನೇನು? ಈಗ ಕ್ಯಾಲ್ಸಿಯಮ್ಮನ್ನು ಮುಟ್ಟದೆ ಕ್ಷಾರತೆಯೊಂದನ್ನೇ 320ರಿಂದ 90ಕ್ಕೆ ಇಳಿಸಿ, ಪಿಎಚ್ಚನ್ನು 7.4ರಲ್ಲಿ ನಿಲ್ಲಿಸಿ ನೋಡಿ. ಅಂಕಿ ಸೊನ್ನೆಗೆ ಬಂದು ಕೂರುತ್ತದೆ. ಕ್ಯಾಲ್ಸಿಯಂ 300ರ ಬದಲು 500 ಇದ್ದರೂ 0.2 ದಾಟುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲಿದೆ. ಗಡಸುತನ ತೆಗೆಸಬೇಕೆಂದು ಸಾಫ್ಟ್‌ನರ್ ಯಂತ್ರ, ಆರ್‌ಒ ಎಂದು ಲಕ್ಷಗಟ್ಟಲೆ ಸುರಿಯುವವರಿದ್ದಾರೆ. ಆರ್‌ಒ ಮಾಡಿದರೆ ಒಂದು ಪಾಲು ನೀರು ಚರಂಡಿಗೆ ಹೋಗುತ್ತದೆ, ಈ ಸೀಮೆಯಲ್ಲಿ ಅದು ಅನ್ಯಾಯ. ಸುಣ್ಣ ನೀರಿನಲ್ಲೇ ಇರಲಿ. ಅದರ ಜೊತೆಗಾರನಾದ ಬೈಕಾರ್ಬನೇಟನ್ನು ಕಡಿಮೆ ಮಾಡಿದರೆ ಅದು ಕರಗಿದಂತೆಯೇ ಉಳಿಯುತ್ತದೆ. ಕೊಳದ ಡಬ್ಬಗಳ ಮೇಲೆ ಕ್ಯಾಲ್ಸಿಯಂ ಹಾಕಿ, ಸೋಡಾ ಹಾಕಿ ಎಂದು ಬರೆದಿರುತ್ತದೆ. ಅವು ಮೆದು ನೀರಿನ ಊರಿಗೆ ಬರೆದ ಸೂಚನೆಗಳು. ನಮ್ಮ ಬೋರ್‌ವೆಲ್ ಎರಡನ್ನೂ ಬಿಟ್ಟಿಯಾಗಿ, ಬೇಕಾದ್ದಕ್ಕಿಂತ ಹೆಚ್ಚಾಗಿ ಕೊಡುತ್ತದೆ.

ಇಷ್ಟೆಲ್ಲ ಅಂಕಿ ತಿಳಿಯುವುದು ಹೇಗೆ ಎಂದರೆ ಪ್ರಯೋಗಾಲಯ ಹುಡುಕಿ ಬೆಂಗಳೂರಿಗೆ ಹೋಗಬೇಕಿಲ್ಲ. ಜಲಜೀವನ ಮಿಷನ್‌ನಡಿ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಪ್ರತಿ ಊರಲ್ಲೂ ಐದು ಮಂದಿ ಹೆಣ್ಣುಮಕ್ಕಳಿಗೆ ತರಬೇತಿ ನೀಡುವ ಏರ್ಪಾಡಿದೆ. ಕುಡಿಯುವ ನೀರಿಗೆಂದು ಮಾಡಿದ ಆ ಪೆಟ್ಟಿಗೆಯಲ್ಲಿ ಕೊಳಕ್ಕೆ ಬೇಕಾದ ಬಹುಪಾಲು ಪರೀಕ್ಷೆಗಳಿವೆ: ಪಿಎಚ್, ಕ್ಷಾರತೆ, ಗಡಸುತನ, ಕಬ್ಬಿಣ, ಉಳಿಕೆ ಕ್ಲೋರಿನ್. ಗಡಸುತನದ ಪರೀಕ್ಷೆ ನೋಡಲು ಚೆಂದ. ಪುಟ್ಟ ಬಾಟಲಿಗೆ ಅಳತೆಯಷ್ಟು ನೀರು ಹಾಕಿ, ಬಫರ್ ದ್ರಾವಣ ಬೆರೆಸಿ, ಬಣ್ಣದ ಪುಡಿ ಚಿಟಿಕೆ ಹಾಕಿದರೆ ನೀರು ದ್ರಾಕ್ಷಿ ಕೆಂಪಾಗುತ್ತದೆ. ಆಮೇಲೆ ಇಡಿಟಿಎ ದ್ರಾವಣವನ್ನು ಒಂದೊಂದೇ ಹನಿ ಬಿಟ್ಟು ಅಲುಗಿಸುತ್ತಾ ಹೋಗಬೇಕು. ಕೆಂಪು ನೇರಳೆಗೆ ತಿರುಗಿ, ಒಂದು ಹನಿಗೆ ಥಟ್ಟನೆ ನೀಲಿಯಾಗಿಬಿಡುತ್ತದೆ. ಅಲ್ಲಿಯವರೆಗಿನ ಹನಿಗಳ ಎಣಿಕೆಯೇ ಗಡಸುತನ. ಮಳೆನೀರಾದರೆ ಒಂದೆರಡು ಹನಿಗೆ ಮುಗಿಯುವ ಕೆಲಸ. ನಮ್ಮ ನೀರಿಗೆ ಹನಿ ಬಿಡುತ್ತಾ ಬಿಡುತ್ತಾ ಕೈ ಸೋಲುತ್ತದೆ.

ತುಂಬಿಸುವ ಮುನ್ನ ಮನೆಯಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆಗೆ ಬೇಕಾದದ್ದು ಒಂದು ಬಿಳಿ ಬಕೆಟ್ ಮಾತ್ರ. ಬೋರ್‌ವೆಲ್ ನೀರು ಹಿಡಿದು ಕೆಲವು ಹನಿ ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಹಾಕಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಬಿಳಿ ಮಂಕು ಕವಿದಿದ್ದರೆ ಸುಣ್ಣ. ಚಹಾ ಡಿಕಾಕ್ಷನ್ನಿನ ಬಣ್ಣ ಬಂದಿದ್ದರೆ ಕಬ್ಬಿಣ. ಕಪ್ಪು ಕಂಡರೆ ಮ್ಯಾಂಗನೀಸ್. ಬಕೆಟ್ಟಿನಲ್ಲಿ ಕಂಡದ್ದು ಕೊಳದಲ್ಲೂ ಕಾಣುತ್ತದೆ. ಕಬ್ಬಿಣವಿದ್ದರೆ ಮೊದಲು ಅದು ತುಕ್ಕಾಗಿ ಕೆಳಗೆ ಕೂರಲು ಬಿಟ್ಟು, ಬಸಿದ ನೀರನ್ನು ಕೊಳಕ್ಕೆ ಹಾಯಿಸಿದರೆ ಟೈಲ್ಸ್ ಉಳಿಯುತ್ತವೆ.

ಕ್ಷಾರತೆ ಇಳಿಸುವುದು ಆ್ಯಸಿಡ್ಡಿನಿಂದ. ಬೇಕಾದದ್ದು ಶೇ 30–33ರ ಹೈಡ್ರೋಕ್ಲೋರಿಕ್ ಆಮ್ಲ. ಬಚ್ಚಲು ತೊಳೆಯುವ ಬಣ್ಣದ ಆ್ಯಸಿಡ್ ಬೇಡ. ಅಂಗಡಿಯವರು ಗುರುತಿನ ಚೀಟಿ ಕೇಳಿ, ಯಾಕೆಂದು ಬರೆದುಕೊಂಡರೆ ಬೇಸರ ಮಾಡಿಕೊಳ್ಳಬಾರದು. ಆ್ಯಸಿಡ್ ದಾಳಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹಾಕಿದ ಕಟ್ಟಳೆ ಅದು. 40,000 ಲೀಟರಿನಲ್ಲಿ ಕ್ಷಾರತೆಯನ್ನು 10 ಅಂಕ ಇಳಿಸಲು ಸುಮಾರು ಮುಕ್ಕಾಲು ಲೀಟರ್ ಆ್ಯಸಿಡ್ ಬೇಕು. 320ರಿಂದ 90ಕ್ಕೆ ಅಂದರೆ ಹದಿನೇಳು-ಹದಿನೆಂಟು ಲೀಟರ್. ಇಷ್ಟನ್ನು ಒಂದೇ ಸಲ ಸುರಿದರೆ ಪಿಎಚ್ ಪಾತಾಳಕ್ಕೆ ಇಳಿದು ಪಂಪಿನ ಲೋಹ, ಟೈಲ್ಸ್ ಸಂದಿಯ ಸಿಮೆಂಟು ಎಲ್ಲ ಹಾಳು.

ಹಾಗಾಗಿ ಸುತ್ತು ಸುತ್ತಾಗಿ ಮಾಡುತ್ತಾರೆ. ಮೊದಲ ಸುತ್ತಿಗೆ ಸುಮಾರು ಮೂರು ಲೀಟರ್, ಅದೂ ಎರಡು ಕಂತಿನಲ್ಲಿ. ಬಕೆಟ್ಟಿನ ಮುಕ್ಕಾಲು ಭಾಗ ನೀರು ಹಿಡಿದು ಅದಕ್ಕೆ ಆ್ಯಸಿಡ್ ಸುರಿಯಬೇಕು, ಆ್ಯಸಿಡ್ಡಿಗೆ ನೀರನ್ನಲ್ಲ. ಕೈಗವಸು, ಕನ್ನಡಕ ಹಾಕಿ, ಗಾಳಿ ಬೆನ್ನ ಹಿಂದಿನಿಂದ ಬೀಸುವಂತೆ ನಿಂತು, ಪಂಪು ಓಡುತ್ತಿರುವಾಗ ಆಳದ ಕಡೆ ಸುತ್ತಲೂ ಹರಡಿ ಹುಯ್ಯಬೇಕು. ಪಿಎಚ್ 7.2ರ ಹತ್ತಿರ ಬಂದಾಗ ನಿಲ್ಲಿಸಿ. ನೀರು ಆಗಲೇ ಬೆಳ್ಳಗಾಗಿದ್ದರೆ ಆ ಬಿಳುಪಿನ ಬಹುಪಾಲು ಈ ಹಂತದಲ್ಲೇ ಕರಗಿ ಮಾಯವಾಗುತ್ತದೆ, ಉಳಿದದ್ದನ್ನು ಮರಳಿನ ಫಿಲ್ಟರ್ ಹಿಡಿಯುತ್ತದೆ. ಆಮೇಲೆ ನೀರಿಗೆ ಗಾಳಿಯಾಡಿಸಬೇಕು. ಫಿಲ್ಟರಿನಿಂದ ಮರಳುವ ನೀರನ್ನು ಕಾರಂಜಿಯಂತೆ ಮೇಲಕ್ಕೆ ಚಿಮ್ಮಿಸಿದರೆ ಸಾಕು. ಆ್ಯಸಿಡ್ ಬೈಕಾರ್ಬನೇಟನ್ನು ಒಡೆದು ಮಾಡಿದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ತಾನಾಗಿ ಮೇಲಕ್ಕೆ ಬರುತ್ತದೆ, ಇಳಿದ ಕ್ಷಾರತೆ ಮಾತ್ರ ಇಳಿದೇ ಇರುತ್ತದೆ. ಮತ್ತೆ ಆ್ಯಸಿಡ್, ಮತ್ತೆ ಗಾಳಿ. ಒಂದೇ ಮೂಲೆಯಲ್ಲಿ ಆ್ಯಸಿಡ್ಡನ್ನು ಕಂಬದಂತೆ ಸುರಿದರೆ ಕ್ಷಾರತೆ ಮಾತ್ರ ಇಳಿಯುತ್ತದೆ, ಪಿಎಚ್ ಇಳಿಯುವುದಿಲ್ಲ ಎಂದು ಕೊಳದ ಕೆಲಸದವರು ಹೇಳುವುದುಂಟು. ಅದರಲ್ಲಿ ಹುರುಳಿಲ್ಲ, ಕೆಳಗಿನ ಟೈಲ್ಸ್ ಸುಡುವುದಷ್ಟೇ ಲಾಭ. ಒಟ್ಟು ವಾರದಿಂದ ಹತ್ತು ದಿನದ ಕೆಲಸ ಇದು. ಅವಸರದ ಗೃಹಪ್ರವೇಶಕ್ಕೆ ಹೊಂದುವುದಿಲ್ಲ.

ಕೊಳ ಸಿಮೆಂಟಿನ ಪ್ಲಾಸ್ಟರಿನದಾದರೆ ಇನ್ನೊಂದು ತಾಪತ್ರಯವಿದೆ. ಹೊಸ ಸಿಮೆಂಟು ತಿಂಗಳುಗಟ್ಟಲೆ ಸುಣ್ಣ ಬಿಡುತ್ತದೆ. ಹೊಸ ತೊಟ್ಟಿಗೆ ಮೀನು ಬಿಡುವ ಮುಂಚೆ ಬಾಳೆದಿಂಡು ಕತ್ತರಿಸಿ ಹಾಕಿ, ನೀರು ನಿಲ್ಲಿಸಿ ಚೆಲ್ಲುವ ಪದ್ಧತಿ ನಮ್ಮಲ್ಲಿ ಇರುವುದು ಇದಕ್ಕೇ. ನಲವತ್ತು ಸಾವಿರ ಲೀಟರಿಗೆ ಬಾಳೆದಿಂಡು ಹೊಂದಿಸಲಾಗದು. ಮೊದಲ ತಿಂಗಳು ದಿನ ಬಿಟ್ಟು ದಿನ ಪಿಎಚ್ ನೋಡಿ ಸ್ವಲ್ಪ ಸ್ವಲ್ಪ ಆ್ಯಸಿಡ್ ಹಾಕುತ್ತಾ ಗೋಡೆಯನ್ನು ಬ್ರಷ್‌ನಿಂದ ಉಜ್ಜುತ್ತಿರಬೇಕು.

ಕ್ಲೋರಿನ್ನಿನ ಸರದಿ ಈಗ. ಕ್ಲೋರಿನ್ ನೀರಿಗೆ ಬಿದ್ದಾಗ ಎರಡು ರೂಪದಲ್ಲಿರುತ್ತದೆ. ರೋಗಾಣು ಕೊಲ್ಲುವ ಕಸುವು ಇರುವುದು ಹೈಪೋಕ್ಲೋರಸ್ ಆಮ್ಲಕ್ಕೆ. ಪಿಎಚ್ 7.5ರಲ್ಲಿ ಹಾಕಿದ್ದರ ಅರ್ಧದಷ್ಟು ಈ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲು ಭಾಗ, 8.5ಕ್ಕೆ ಹತ್ತರಲ್ಲೊಂದು. ಪಿಎಚ್ ಸರಿಪಡಿಸದೆ ಕ್ಲೋರಿನ್ ಸುರಿದವರು ದುಡ್ಡನ್ನೂ ಸುರಿದಂತೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವ ಕಾಲವೂ ಅಲ್ಲ. ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಮಿದುಳು ತಿನ್ನುವ ಅಮೀಬಾದಿಂದ ಜನ ಸತ್ತರು. ಬೆಚ್ಚನೆಯ ಸಿಹಿನೀರಿನಲ್ಲಿ ಬೆಳೆಯುವ ಆ ಜೀವಿ ಒಳಹೊಗುವುದು ಮೂಗಿನಿಂದ. ಕ್ಲೋರಿನ್ ಸರಿಯಾಗಿರುವ ಕೊಳದಲ್ಲಿ ಅದಕ್ಕೆ ಉಳಿಗಾಲವಿಲ್ಲ. ಕೆರೆ, ಬಾವಿಗಳಿಗೆ ಹೊಸ ನೀರು ಬಂದು ಸೇರುತ್ತಿರುತ್ತದೆ; ಮನೆಯ ಕೊಳದಲ್ಲಿ ಹೋದ ವರ್ಷದ ನೀರೇ ಈ ವರ್ಷವೂ ಸುತ್ತುತ್ತಿರುತ್ತದೆ ಎನ್ನುವುದು ನೆನಪಿರಲಿ.

ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ನಮ್ಮ ಕೊಳಕ್ಕೆ ಬರೀ 80 ಗ್ರಾಂ. ಶೇ 10ರ ಹೈಪೋ ದ್ರಾವಣವಾದರೆ 800 ಮಿಲಿಲೀಟರ್. ಆದರೆ ಬೇಸಿಗೆಯಲ್ಲಿ ಶೆಡ್ಡಿನಲ್ಲಿಟ್ಟ ಕ್ಯಾನಿನ ಕಸುವು ವಾರಗಳಲ್ಲೇ ಇಳಿಯುತ್ತದೆ, ಅಳತೆ ನಂಬದೆ ಪರೀಕ್ಷೆ ನಂಬಬೇಕು. ಮೇಲಾಗಿ ನಡುಮಧ್ಯಾಹ್ನದ ಬಿಸಿಲು ಎರಡೇ ಗಂಟೆಯಲ್ಲಿ ಕ್ಲೋರಿನ್ನಿನ ಬಹುಪಾಲನ್ನು ನುಂಗುತ್ತದೆ. ಅದಕ್ಕೆ ನೆರಳು ಹಿಡಿಯುವುದು ಸಯನ್ಯೂರಿಕ್ ಆಮ್ಲ, ಲೀಟರಿಗೆ 30ರಿಂದ 50 ಮಿಲಿಗ್ರಾಂ ಇದ್ದರೆ ಸಾಕು. ಅಂಗಡಿಯಲ್ಲಿ ಸಿಗುವ ಟಿಸಿಸಿಎ 90 ಪುಡಿ, ಬಿಲ್ಲೆಗಳಲ್ಲಿ ಕ್ಲೋರಿನ್ನೂ ಇದೆ, ಇದೂ ಇದೆ. ಆ ಪುಡಿ ಹುಳಿ ಸ್ವಭಾವದ್ದು. ಕ್ಷಾರ ಹೆಚ್ಚಿರುವ ನಮ್ಮ ನೀರಿಗೆ ಮೊದಮೊದಲು ಒಳ್ಳೆಯ ಜೋಡಿ. ಒಂದಿಷ್ಟು ದಿನದಲ್ಲಿ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು ಖರ್ಚಾಗುವಷ್ಟರಲ್ಲಿ ಸಯನ್ಯೂರಿಕ್ 30 ಮುಟ್ಟುತ್ತದೆ. ಅಲ್ಲಿಗೆ ಟಿಸಿಸಿಎ ನಿಲ್ಲಿಸಿ ಹೈಪೋಗೆ ಬರಬೇಕು. ಬಿಲ್ಲೆ ಹಾಕುವುದು ಸುಲಭವೆಂದು ಮುಂದುವರಿಸಿದರೆ ಅದು ಏರುತ್ತಲೇ ಹೋಗಿ ಕ್ಲೋರಿನ್ನಿನ ಕೈಕಟ್ಟುತ್ತದೆ. ಕ್ಲೋರಿನ್ ಅಂಕಿ ಚೆನ್ನಾಗಿದ್ದರೂ ನೀರು ಹಸಿರಾಗುವುದು ಆಗಲೇ. ಮಿತಿಮೀರಿದ ಸಯನ್ಯೂರಿಕ್ ತೆಗೆಯಲು ನೀರು ಚೆಲ್ಲುವುದೊಂದೇ ದಾರಿ, ಮತ್ತು ಚೆಲ್ಲಬಾರದೆಂದೇ ತಾನೆ ಇಷ್ಟೆಲ್ಲ ಮಾಡಿದ್ದು.

ಒಂದು ಎಚ್ಚರಿಕೆ ಮಾತ್ರ ದಪ್ಪ ಅಕ್ಷರದಲ್ಲಿ ಶೆಡ್ಡಿನ ಬಾಗಿಲಿಗೆ ಅಂಟಿಸುವಂಥದ್ದು. ಆ್ಯಸಿಡ್ಡನ್ನೂ ಹೈಪೋವನ್ನೂ ಒಂದೇ ಬಕೆಟ್ಟಿಗೆ ಹಾಕಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಟಿಸಿಸಿಎ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಡಬ್ಬದಲ್ಲಿ ಬೆರೆತರೆ ಬೆಂಕಿ, ಸ್ಫೋಟ. ತೋಟದ ಆಳುಮಗ ಒಂದೇ ಚೊಂಬಿನಲ್ಲಿ ಎಲ್ಲವನ್ನೂ ತೋಡದಂತೆ ಅವನಿಗೆ ಇದನ್ನು ಮನೆಯವರೇ ಬಿಡಿಸಿ ಹೇಳಬೇಕು.

ಮುಂದಿನದು ಬೇಸಿಗೆಯ ಲೆಕ್ಕ. ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೂ 32 ಚದರ ಮೀಟರ್ ಮೈಯಿಂದ 160 ಲೀಟರ್ ಹೋಗುತ್ತದೆ, ತಿಂಗಳಿಗೆ ಹೆಚ್ಚೂಕಡಿಮೆ ಒಂದು ಟ್ಯಾಂಕರ್. ಆವಿಯಾಗುವುದು ನೀರು, ಉಳಿಯುವುದು ಸುಣ್ಣ. ಅದರ ಜಾಗಕ್ಕೆ ಬೋರ್‌ವೆಲ್ ನೀರನ್ನೇ ಬಿಟ್ಟರೆ ತಿಂಗಳಿಗೆ ಗಡಸುತನ 60, ಕ್ಷಾರತೆ 38 ಅಂಕ ಏರುತ್ತದೆ. ಕ್ಷಾರತೆಗೆ ಮೂರು ಲೀಟರ್ ಆ್ಯಸಿಡ್ ಬೇಕು, ಗಡಸುತನಕ್ಕೆ ಮದ್ದಿಲ್ಲ. ರಾತ್ರಿ ಹೊತ್ತು ಕೊಳಕ್ಕೆ ಹೊದಿಕೆ ಹಾಕಿದರೆ ಆವಿಯೂ ಕಡಿಮೆ, ಎಲೆ ಕಸವೂ ಬೀಳದು. ಕಾಡಂಚಿನ ತೋಟದಲ್ಲಿ ಬೇಲಿ ಗಟ್ಟಿಯಿರದಿದ್ದರೆ ಹೊದಿಕೆಯ ಗತಿ ಆನೆ ನಿರ್ಧರಿಸುತ್ತದೆ, ಆ ಮಾತು ಬೇರೆ.

ಗಡಸುತನಕ್ಕೆ ಮದ್ದಿರುವುದು ಮಳೆಯಲ್ಲಿ. ಈ ಭಾಗಕ್ಕೆ ಹೆಚ್ಚು ಮಳೆ ತರುವುದು ಸೆಪ್ಟೆಂಬರ್, ಅಕ್ಟೋಬರ್. ಮನೆಯ ಚಾವಣಿಯ ನೀರನ್ನು ಮೊದಲ ಮಳೆ ಬಿಟ್ಟು, ಸೋಸಿ ಕೊಳಕ್ಕೆ ತಿರುಗಿಸಿದರೆ ಸುಣ್ಣವಿಲ್ಲದ ನೀರು ಧರ್ಮಕ್ಕೆ ಸಿಗುತ್ತದೆ. ಅದೇ ಹೊತ್ತಿಗೆ ಫಿಲ್ಟರ್ ತೊಳೆದ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ, ಕ್ಲೋರಿನ್ ಹೋದ ಮೇಲೆ ತೆಂಗಿನ ಬುಡಕ್ಕೆ ಬಿಟ್ಟರೆ ಹಳೆಯ ಗಡಸು ಹೊರಗೆ, ಹೊಸ ಮೆದುನೀರು ಒಳಗೆ. ಮಳೆ ಜೋರಾದ ವರ್ಷ ಕ್ಷಾರತೆ 80ಕ್ಕಿಂತ ಕೆಳಗಿಳಿದು ಪಿಎಚ್ ಅತ್ತಿತ್ತ ಕುಣಿಯುವುದೂ ಉಂಟು. ಆಗ 10 ಅಂಕ ಏರಿಸಲು ಸುಮಾರು 670 ಗ್ರಾಂ ಅಡುಗೆ ಸೋಡಾ ಕರಗಿಸಿ ಹಾಕಬೇಕು. ಹೂಗ್ಯಂ ಸೀಮೆಯ ಕೊಳದ ಯಜಮಾನ ಅಂಗಡಿಗೆ ಹೋಗಿ ಆ್ಯಸಿಡ್ಡಿನ ಬದಲು ಸೋಡಾ ತರುವ ಕಾಲ ವರ್ಷದಲ್ಲಿ ಅದೊಂದೇ.